ಹಿತ್ತಲ ಗಿಡವೂ ನಾರುಗಟ್ಟಿದ ಶ್ವಾಸಕೋಶವೂ

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಆಡಿದ ಮಾತುಗಳು)



ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ ಎಲ್ಲವನ್ನೂ ಹಿರಿಯರು ಆಗಲೇ ಹೇಳಿದ್ದಾರೆ. ನಾವು ಉಸಿರಿನ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಹಸು ಕೆಮ್ಮಿದರೆ ಅದೇ ದಿನ ಡಾಕ್ಟರನ್ನು ಕರೆಸುವ ನಾವು, ನಮ್ಮ ಕೆಮ್ಮಿಗೆ ಮಾತ್ರ ವರ್ಷಗಟ್ಟಲೆ ಕಷಾಯ ಕುಡಿದುಕೊಂಡು ಕೂರುತ್ತೇವೆ.

ಕಷಾಯ ಕೆಟ್ಟದ್ದು ಅಂತ ನಾವು ಹೇಳ್ತಾ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಇದ್ದರೂ ನಮ್ಮ ಅಜ್ಜಿಯಂದಿರು ಹಿತ್ತಲನ್ನೇ ನಂಬಿ ಮಕ್ಕಳನ್ನು ಸಾಕಿದರು. ಆಡುಸೋಗೆಯನ್ನೇ ನೋಡಿ. ಅದರ ಎಲೆಯಲ್ಲಿ ವ್ಯಾಸಿಸಿನ್ ಎಂಬ ಸತ್ವ ಇದೆ. ಅದನ್ನು ಆಧಾರ ಮಾಡಿಕೊಂಡೇ ಬ್ರೋಮ್‌ಹೆಕ್ಸಿನ್ ಎಂಬ ಔಷಧಿ ಮಾಡಿದರು. ಇವತ್ತು ಅಂಗಡಿಯ ಎಷ್ಟೋ ಕೆಮ್ಮಿನ ಸಿರಪ್ಪಿನಲ್ಲಿ ಅದು ಇದೆ. ಕಫ ಸಡಿಲ ಮಾಡುವುದು ಅದರ ಕೆಲಸ. ಆದರೆ ಬಸುರಿಯರು ಆಡುಸೋಗೆ ಕುಡಿಯಬಾರದು, ಗರ್ಭಕೋಶ ಹಿಂಡುವ ಗುಣ ಅದಕ್ಕಿದೆ.

ಈಗ ನಾವು ಹೇಳಬೇಕಾದ ಕಾಯಿಲೆ ಬೇರೆ. ಎಳೆ ಹೀರೇಕಾಯಿ ಬಲಿತು ಒಳಗೆಲ್ಲ ನಾರಾಗುತ್ತದಲ್ಲ, ಹಾಗೆ ಮೆತ್ತಗಿರಬೇಕಾದ ಶ್ವಾಸಕೋಶ ಗಾಯವಾಗಿ, ಕಲೆಗಟ್ಟಿ, ನಾರಾಗುತ್ತದೆ. ಆಮೇಲೆ ಗಾಳಿ ಒಳಗೆ ಹೋದರೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ತಿಂಗಳುಗಟ್ಟಲೆ ಬಿಡದ ಒಣಕೆಮ್ಮು, ಏರು ಹತ್ತಿದರೆ ಏದುಸಿರು, ಕೆಲವರಿಗೆ ಬೆರಳ ತುದಿ ಉಬ್ಬಿ ಉಗುರು ಬಾಗುವುದು, ಇವು ಲಕ್ಷಣ. ಎಷ್ಟೋ ಜನಕ್ಕೆ ಇದನ್ನು ಉಬ್ಬಸ ಅಂತಲೋ ಕ್ಷಯ ಅಂತಲೋ ತಪ್ಪಾಗಿ ತಿಳಿದು ವರ್ಷಗಟ್ಟಲೆ ಬೇರೆಯದೇ ಔಷಧಿ ನಡೆದಿರುತ್ತದೆ.

ಯಾಕೆ ಬರುತ್ತದೆ? ಕೆಲವರಿಗೆ ಕಾರಣವೇ ಗೊತ್ತಾಗುವುದಿಲ್ಲ, ವಯಸ್ಸು ಐವತ್ತು ದಾಟಿದ ಮೇಲೆ ಬರುತ್ತದೆ. ಕಲ್ಲು ಒಡೆಯುವ ಕಡೆ ದುಡಿದವರಿಗೆ ಕಲ್ಲಿನ ಧೂಳಿನಿಂದ ಬರುತ್ತದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಅಲ್ಲಿ ದುಡಿದವರ ಎದೆಗೆ ಸೇರಿದ ಧೂಳು ಗಣಿಯ ಜೊತೆ ಮುಚ್ಚಿ ಹೋಗಲಿಲ್ಲ. ಇನ್ನು ನಮ್ಮಂಥ ದನ ಕಟ್ಟಿದವರಿಗೆ ಬರುವುದು ಬೂಷ್ಟು ಹಿಡಿದ ಹುಲ್ಲಿನಿಂದ. ಸರಿಯಾಗಿ ಒಣಗದ ಹುಲ್ಲನ್ನು ಮೆದೆ ಹಾಕಿದರೆ ಒಳಗೆ ಬಿಸಿಯೇರಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಬೆಳೆಯುತ್ತವೆ. ಕಂತೆ ಬಿಚ್ಚಿ ಕೊಡವಿದಾಗ ಅವು ಪುಡಿಯಾಗಿ ಮೂಗಿಗೆ ಬರುತ್ತವೆ. ಪಾರಿವಾಳದ ಹಿಕ್ಕೆಯಿಂದಲೂ ಇಂಥದೇ ಕಾಯಿಲೆ ಬರುತ್ತದೆ. ನಮ್ಮ ದೇಶದ 19 ನಗರಗಳ 27 ಆಸ್ಪತ್ರೆಗಳಲ್ಲಿ 1084 ರೋಗಿಗಳನ್ನು ಪರೀಕ್ಷಿಸಿದ ವರದಿ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 47 ಜನಕ್ಕೆ ಬಂದಿದ್ದು ಹೀಗೆ ಉಸಿರಿನೊಂದಿಗೆ ಒಳಹೋದದ್ದು ಒಗ್ಗದೆ ಬರುವ ಜಾತಿಯ ಕಾಯಿಲೆ.

ಇದರಲ್ಲಿ ಒಂದು ಆಶೆಯೂ ಇದೆ. ಈ ಜಾತಿಯದನ್ನು ಬೇಗ ಕಂಡುಹಿಡಿದು ಧೂಳಿನಿಂದ ದೂರ ಸರಿದರೆ ಬಹಳ ಜನ ಚೇತರಿಸಿಕೊಳ್ಳುತ್ತಾರೆ. ತಡವಾಗಿ ನಾರುಗಟ್ಟಿದ ಮೇಲೆ ಆ ಭಾಗ ಮತ್ತೆ ಮೊದಲಿನಂತೆ ಆಗದು. ಒಡೆದ ಹಾಲನ್ನು ಮತ್ತೆ ಹಾಲು ಮಾಡೋಕೆ ಆಗುತ್ತದಾ?

ನಮ್ಮ ಸೀಮೆಯ ಒಬ್ಬ ರೈತರ ಸಂಗತಿ ಹೇಳುತ್ತೇವೆ, ಹೆಸರು ಬೇಡ. ಒಣಕೆಮ್ಮು ಶುರುವಾದಾಗ ಸಂತೆಗೆ ಬರುತ್ತಿದ್ದ ಒಬ್ಬ ಔಷಧಿಯವನು ಪುಡಿ ಕೊಟ್ಟು, ಶ್ವಾಸಕೋಶ ಹೊಸದಾಗುತ್ತೆ ಅಂತ ಭರವಸೆ ಕೊಟ್ಟ. ಮೊದಲ ತಿಂಗಳು ಆರಾಮ ಅನ್ನಿಸಿತು. ಆಮೇಲೆ ಮುಖ ಊದಿತು, ಸಕ್ಕರೆ ಕಾಯಿಲೆ ಬಂತು. ಪುಡಿಯ ದುಡ್ಡಿಗೆ ಕರೆಯುವ ಹಸು ಮಾರಿದರು. ಒಂದೂವರೆ ವರ್ಷದ ಮೇಲೆ ಎದೆಯ ಸಿ.ಟಿ. ಸ್ಕ್ಯಾನ್ ಆಯಿತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, 'ಹುಲ್ಲು ಎಲ್ಲಿ ಇಡ್ತೀರಿ?' ಅಷ್ಟು ದಿನವೂ ಆ ಮನುಷ್ಯ ಪುಡಿ ನುಂಗಿ, ಅದೇ ಬೂಷ್ಟು ಹುಲ್ಲನ್ನೇ ಕೊಡವುತ್ತಿದ್ದರು. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಉಂಟು. ಬೇಗ ಆರಾಮಾಗಿ ಮುಖ ಊದಿದರೆ ಅನುಮಾನ ಪಡಿ. ಆದರೆ ಪುಡಿಯನ್ನು ಒಮ್ಮೆಗೇ ಬಿಡಬೇಡಿ, ಅದೂ ಅಪಾಯ. ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.

ಇನ್ನು ಒಳ್ಳೆಯ ಗಿಡಗಳ ಮಾತು. ಅರಿಶಿನದ ಸತ್ವ ಇಲಿಗಳ ಶ್ವಾಸಕೋಶದ ನಾರನ್ನು ಕಡಿಮೆ ಮಾಡಿದ್ದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಮನುಷ್ಯರಲ್ಲಿ ಹಾಗಾಗುತ್ತದೆ ಅಂತ ಸಾಬೀತಾಗಿಲ್ಲ. ಅಡುಗೆಗೆ ಹಾಕುವಷ್ಟು ಅರಿಶಿನದಿಂದ ತೊಂದರೆ ಇಲ್ಲ. ಜೇಷ್ಠಮಧು ಗಂಟಲಿಗೆ ಹಿತ, ಆದರೆ ದಿನಾ ಜಾಸ್ತಿ ತಿಂದರೆ ರಕ್ತದೊತ್ತಡ ಏರುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ಬಿ.ಪಿ. ಇದ್ದವರು, ಸ್ಟೀರಾಯ್ಡ್ ಮಾತ್ರೆ ನುಂಗುವವರು ಮುಟ್ಟಬಾರದು. ಉಮ್ಮತ್ತಿ ಎಲೆ ಸುಟ್ಟು ಹೊಗೆ ಎಳೆಯುವ ಪದ್ಧತಿಯನ್ನಂತೂ ಬಿಟ್ಟೇಬಿಡಿ. ನೊಂದ ಶ್ವಾಸಕೋಶಕ್ಕೆ ಯಾವ ಹೊಗೆಯೂ ಔಷಧಿಯಲ್ಲ.

ಕಾರಣ ಗೊತ್ತಿಲ್ಲದೆ ನಾರುಗಟ್ಟುವ ಕಾಯಿಲೆಗೆ ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬ ಎರಡು ಔಷಧಿಗಳಿವೆ. ಅಮೆರಿಕದಲ್ಲಿ 2014ರಲ್ಲಿ ಎರಡಕ್ಕೂ ಒಪ್ಪಿಗೆ ಸಿಕ್ಕಿತು, ನಮ್ಮಲ್ಲೂ ಸಿಗುತ್ತವೆ. ಇವೂ ಕಾಯಿಲೆಯ ಓಟವನ್ನು ನಿಧಾನ ಮಾಡುತ್ತವೆ ಅಷ್ಟೆ, ನಾರನ್ನು ಕರಗಿಸುವುದಿಲ್ಲ. ಕೋಟ್ಯಂತರ ಖರ್ಚು ಮಾಡಿ ಕಂಡುಹಿಡಿದ ಮಾತ್ರೆಯೇ ಕರಗಿಸುತ್ತೇನೆ ಅನ್ನದಿರುವಾಗ ಸಂತೆಯ ಪುಡಿ ಹಾಗಂದರೆ ಯೋಚನೆ ಮಾಡಬೇಕು. ಪಿರ್ಫೆನಿಡೋನ್ ನುಂಗುವವರಿಗೆ ಬಿಸಿಲು ತಾಗಿದರೆ ಚರ್ಮ ಸುಡುತ್ತದೆ, ಹೊಲಕ್ಕೆ ತುಂಬುತೋಳಿನ ಅಂಗಿ, ಟೋಪಿ ಬೇಕು. ಬೀಡಿ ಸೇದಿದರೆ ಆ ಮಾತ್ರೆಯ ಬಲ ಕುಗ್ಗುತ್ತದೆ. ಎರಡೂ ಮಾತ್ರೆ ಈಲಿಗೆ ತೊಂದರೆ ಕೊಡಬಹುದು, ಅದಕ್ಕೇ ಆಗಾಗ ರಕ್ತಪರೀಕ್ಷೆ. ಆದ್ದರಿಂದ ಮನೆಯಲ್ಲಿ ಯಾವ ಕಷಾಯ, ಯಾವ ಲೇಹ ತಗೋತಿದ್ದೀರಿ ಅನ್ನೋದನ್ನು ಡಾಕ್ಟರಿಗೆ ಮುಚ್ಚಿಡಬೇಡಿ.

ಕೊನೆಯದಾಗಿ, ನಮ್ಮ ಕೈಯಲ್ಲೇ ಇರುವ ಕೆಲಸಗಳು. ಹುಲ್ಲು ಚೆನ್ನಾಗಿ ಒಣಗಿದ ಮೇಲೇ ಮೆದೆ ಹಾಕಿ, ಮಳೆನೀರು ಇಳಿಯದಂತೆ ಮುಚ್ಚಿ. ಬೂಷ್ಟು ಹಿಡಿದದ್ದನ್ನು ತಿಪ್ಪೆಗೆ ಹಾಕಿ, ಅದು ದನಕ್ಕೂ ಬೇಡ. ಕಂತೆಯನ್ನು ಬಯಲಲ್ಲಿ, ಗಾಳಿ ಬೆನ್ನಿಗೆ ಬರುವಂತೆ ನಿಂತು ಬಿಚ್ಚಿ. ಟವೆಲ್ಲು ಸುತ್ತಿಕೊಂಡರೆ ಸಾಲದು, ನುಣ್ಣನೆಯ ಪುಡಿಗೆ ಎನ್-95 ಮಾಸ್ಕೇ ಬೇಕು. ಈಗಾಗಲೇ ಈ ಕಾಯಿಲೆ ಇದ್ದವರು ಮಾಸ್ಕ್ ಹಾಕಿಕೊಂಡೂ ಆ ಕೆಲಸಕ್ಕೆ ಇಳಿಯಬಾರದು, ಮನೆಯ ಬೇರೆಯವರು ಮಾಡಲಿ. ಎರಡು ವಾರಕ್ಕೂ ಕೆಮ್ಮು ನಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಅದು ಉಚಿತ. ಕ್ಷಯ ಇಲ್ಲ ಅಂದರೂ ಕೆಮ್ಮು, ಏದುಸಿರು ಇದ್ದರೆ ಅಲ್ಲಿಗೇ ಬಿಡದೆ ಎದೆಯ ತಜ್ಞರನ್ನು ಕಾಣಿ.

ಡೇರಿಗೆ ಬಂದ ಹಾಲನ್ನು ಪರೀಕ್ಷೆ ಮಾಡದೆ ನಾವು ಕ್ಯಾನಿಗೆ ಸುರಿಯುವುದಿಲ್ಲ. ಎದೆಯ ಕೆಮ್ಮಿಗೂ ಅದೇ ನಿಯಮ ಇರಲಿ: ಮೊದಲು ಪರೀಕ್ಷೆ, ಆಮೇಲೆ ಕಷಾಯ.