ಜಿನೀವಾಕ್ಕೆ ಹೊರಡುವ ಮುನ್ನ



ನಮ್ಮ ತರುಣ ತರುಣಿಯರಿಗೆ ಅಂತರರಾಷ್ಟ್ರೀಯ ಸಮ್ಮೇಳನಗಳಿಂದ ಕರೆ ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಪ್ರಬಂಧ ಸಿದ್ಧವಾದರೆ ಸಾಲದು; ಕಾಗದಪತ್ರಗಳೂ ಸಿದ್ಧವಾಗಬೇಕು.

ವಿಶ್ವ ಆರೋಗ್ಯ ಸಂಸ್ಥೆಯಿರುವ ಜಿನೀವಾವನ್ನೇ ತೆಗೆದುಕೊಳ್ಳೋಣ. ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣದ 6 ತಿಂಗಳ ಮುಂಚಿನಿಂದ ಸಲ್ಲಿಸಬಹುದು. ಕೊನೆಯ 15 ದಿನಗಳವರೆಗೆ ತಡಮಾಡಕೂಡದು. ಅಲ್ಲಿಂದ ಹೊರಟ ಮೇಲೂ ಪಾಸ್‌ಪೋರ್ಟಿಗೆ 3 ತಿಂಗಳ ಅವಧಿ ಉಳಿದಿರಬೇಕು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಖರ್ಚು ಯಾರದೆಂಬುದು ಆಮಂತ್ರಣದಲ್ಲಿ ಸ್ಪಷ್ಟವಾಗಿರಲಿ. ಅಲ್ಲಿ ನಡೆಯುವ ಹಣ ಸ್ವಿಸ್ ಫ್ರಾಂಕ್, ಯೂರೋ ಅಲ್ಲ.

ತಾಯಿಯ ಬಳೆ ಅಡವಿಟ್ಟು ಟಿಕೆಟ್ ಕೊಂಡ ಮಗ, ಒಂದು ಕಾಗದದ ಕೊರತೆಯಿಂದ ಮನೆಯಲ್ಲೇ ಉಳಿಯಬಾರದು. ಬ್ಯಾಂಕಿನಲ್ಲಿ ದುಡಿಯುವ ನಾವು ಇದನ್ನು ಕಳಕಳಿಯಿಂದ ಹೇಳುತ್ತಿದ್ದೇವೆ. ಸಂಕೋಚ ಬೇಡ, ಅರ್ಜಿ ತುಂಬಲು ಜೊತೆಗೆ ಕೂರೋಣ.