ವಸ್ತುಗಳ ಮೂಲವಿಚಾರ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಮಂಗಲ ಮಹೋತ್ಸವದಲ್ಲಿ ರಸಾಯನಶಾಸ್ತ್ರವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದು ನನಗೆ ಅಪ್ಪಣೆಯಾಗಿರುವದು. ಇಂಥ ಸಭೆಯಲ್ಲಿ ಈ ವಿಷಯಕ್ಕೆ ಎಡೆ ಎಲ್ಲಿಯದೆಂದು ಕೆಲವರಿಗೆ ಅನ್ನಿಸಬಹುದು. ಆದರೆ ನಾವು ಕುಡಿಯುವ ನೀರು, ಗೋಡೆಗೆ ಬಳಿಯುವ ಸುಣ್ಣ, ಒಲೆಯಲ್ಲಿಯ ಕೆಂಡ, ಊಟದೊಳಗಿನ ಉಪ್ಪು ಇವು ಯಾವ ಸಭೆಗೂ ಪರಕೀಯವಲ್ಲ. ಇವುಗಳ ನಿಜಸ್ವರೂಪವನ್ನು ಅರಿಯದೆ ಇದ್ದುದರಿಂದ ಎಷ್ಟೋ ಮನೆಗಳಿಗೆ ಹಾನಿಯಾಗಿರುವದು. ಅರಿತರೆ ಆ ಹಾನಿಯನ್ನು ತಪ್ಪಿಸಬಹುದು. ಆ ಒಂದು ಆಶೆಯಿಂದಲೇ ಈ ವಿಷಯವನ್ನು ಎತ್ತಿಕೊಂಡಿರುವೆನು.

ನನ್ನ ಬಾಲ್ಯವು ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಕಳೆಯಿತು. ನಮ್ಮ ಅಜ್ಜಿಯವರು ನೀರಿನ ವಿಷಯದಲ್ಲಿ ಬಲು ನಿಷ್ಠೆಯುಳ್ಳವರು. ಕೊಳವೆಬಾವಿಯ ನೀರನ್ನು ನಾಲ್ಕು ಮಡಿಕೆಯ ಅರಿವೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ, ಆರಿಸಿ, ತಾಮ್ರದ ಕೊಡದಲ್ಲಿ ತುಂಬಿಟ್ಟಲ್ಲದೆ ನಮಗೆ ಕುಡಿಯಗೊಡುತ್ತಿರಲಿಲ್ಲ. ನೀರು ಸ್ಫಟಿಕದಂತೆ ತಿಳಿಯಾಗಿದ್ದಿತು. ವಾಸನೆಯಿಲ್ಲ, ರುಚಿಯಲ್ಲಿ ದೋಷವಿಲ್ಲ. ಆದರೂ ನನ್ನ ಓರಗೆಯ ಹುಡುಗರ ಹಲ್ಲುಗಳ ಮೇಲೆ ಕಂದುಬಣ್ಣದ ಪಟ್ಟೆಗಳಿದ್ದವು. ನಡುವಯಸ್ಸಿಗೇ ಕೀಲು ಬಿಗಿದು, ಬೆನ್ನು ಬಾಗಿ, ಕೋಲೂರಿ ನಡೆಯುವ ಹಿರಿಯರು ಓಣಿಗೊಬ್ಬರಾದರೂ ಇದ್ದರು. ಇಷ್ಟು ಶ್ರದ್ಧೆಯಿಂದ ಶುದ್ಧಮಾಡಿದ ನೀರಿನಲ್ಲಿ ದೋಷವೆಲ್ಲಿಂದ ಬಂದಿತು? ಈ ಪ್ರಶ್ನೆಗೆ ಉತ್ತರವನ್ನು ಕಡೆಯಲ್ಲಿ ಹೇಳುವೆನು. ಅದು ಮನದಟ್ಟಾಗಬೇಕಾದರೆ ಮೊದಲು ವಸ್ತುಗಳ ಅಕ್ಷರಮಾಲೆಯನ್ನು ಕಲಿಯಬೇಕು.

ನಮ್ಮ ಪೂರ್ವಿಕರು ಪೃಥ್ವಿ, ಅಪ್, ತೇಜಸ್ಸು, ವಾಯು, ಆಕಾಶಗಳೆಂಬ ಪಂಚಭೂತಗಳನ್ನು ಹೇಳಿದರು. ಅದು ಇಂದ್ರಿಯಗಳಿಗೆ ಜಗತ್ತು ತೋರುವ ಬಗೆಯನ್ನನುಸರಿಸಿದ ವಿಭಾಗವು. ರಸಾಯನಶಾಸ್ತ್ರದ ವಿಭಾಗವು ಬೇರೆ ಪ್ರಶ್ನೆಯಿಂದ ಹೊರಡುವದು. ಈ ವಸ್ತುವನ್ನು ಇನ್ನೂ ಸರಳವಾದ ವಸ್ತುಗಳನ್ನಾಗಿ ಬೇರ್ಪಡಿಸಲು ಬರುವದೋ ಇಲ್ಲವೋ ಎಂಬುದೇ ಆ ಪ್ರಶ್ನೆಯು. ಯಾವದನ್ನು ರಾಸಾಯನಿಕ ಕ್ರಿಯೆಗಳಿಂದ ಹಾಗೆ ಬೇರ್ಪಡಿಸಲಾಗದೋ ಅದಕ್ಕೆ ಮೂಲವಸ್ತುವೆಂದು ಹೆಸರು. ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ಸೀಸ, ತವರ, ಪಾದರಸ, ಗಂಧಕ, ಇಂಗಾಲ ಇವು ನಾವು ಪರಂಪರೆಯಿಂದ ಬಲ್ಲ ಮೂಲವಸ್ತುಗಳು. ಆಮ್ಲಜನಕ, ಜಲಜನಕ, ಸಾರಜನಕಗಳು ಕಣ್ಣಿಗೆ ಕಾಣದ ವಾಯುರೂಪದ ಮೂಲವಸ್ತುಗಳು.

ಫ್ರಾನ್ಸ್ ದೇಶದ ಲವಾಸಿಯೆ ಎಂಬ ವಿದ್ವಾಂಸನು 1789ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ 33 ಮೂಲವಸ್ತುಗಳ ಪಟ್ಟಿಯನ್ನು ಕೊಟ್ಟನು. ಅದರಲ್ಲಿ ನಮ್ಮ ಸುಣ್ಣವೂ ಸೇರಿದ್ದಿತು. ಏಕೆಂದರೆ ಅಂದಿನವರೆಗೆ ಅದನ್ನು ಯಾರೂ ಒಡೆದಿರಲಿಲ್ಲ. ಆದರೆ 1808ರಲ್ಲಿ ಇಂಗ್ಲೆಂಡಿನ ಡೇವಿಯು ವಿದ್ಯುಚ್ಛಕ್ತಿಯ ಸಹಾಯದಿಂದ ಸುಣ್ಣದೊಳಗಿಂದ ಕ್ಯಾಲ್ಸಿಯಮ್ ಎಂಬ ಲೋಹವನ್ನು ಹೊರತೆಗೆದನು. ಸುಣ್ಣವು ಕ್ಯಾಲ್ಸಿಯಮ್ ಮತ್ತು ಆಮ್ಲಜನಕಗಳಿಂದಾದುದೆಂದು ಗೊತ್ತಾಯಿತು; ಪಟ್ಟಿಯಿಂದ ಅದರ ಹೆಸರು ಹೋಯಿತು. ಇದರಿಂದ ಲವಾಸಿಯೆಗೆ ಕುಂದೇನೂ ಇಲ್ಲ. ಇದುವರೆಗೆ ಒಡೆಯಲಾಗದ್ದೇ ಮೂಲವಸ್ತುವೆಂದು ಆತನೇ ಹೇಳಿದ್ದನು. ತನ್ನ ತಪ್ಪನ್ನು ತಿದ್ದಿಕೊಳ್ಳುವ ಮಾರ್ಗವನ್ನು ತಾನೇ ತೆರೆದಿಡುವದು ಶಾಸ್ತ್ರದ ದೊಡ್ಡ ಗುಣವು. ಇಂದು ಒಟ್ಟು 118 ಮೂಲವಸ್ತುಗಳು ತಿಳಿದಿರುವವು. ಅವುಗಳಲ್ಲಿ ಸುಮಾರು ತೊಂಬತ್ತು ಮಾತ್ರ ನಿಸರ್ಗದಲ್ಲಿ ದೊರೆಯುವವು; ಉಳಿದವು ಮನುಷ್ಯನು ಯಂತ್ರಗಳಿಂದ ನಿರ್ಮಿಸಿದವು. ಐವತ್ತೊಂದು ಅಕ್ಷರಗಳಿಂದ ಸಕಲ ಶಬ್ದರಾಶಿಯೂ ಹುಟ್ಟುವಂತೆ, ಈ ಕೆಲವೇ ಮೂಲವಸ್ತುಗಳಿಂದ ಸಕಲ ಪದಾರ್ಥಗಳೂ ಹುಟ್ಟಿರುವವು.

ಎರಡು ಅಥವಾ ಹೆಚ್ಚು ಮೂಲವಸ್ತುಗಳು ಗೊತ್ತಾದ ಪ್ರಮಾಣದಲ್ಲಿ ಕೂಡಿ ಹೊಸದೊಂದು ವಸ್ತುವಾದರೆ ಅದು ಸಂಯುಕ್ತವು. ನೀರೇ ಇದಕ್ಕೆ ಮೇಲಾದ ಉದಾಹರಣೆಯು. ಬಹುಕಾಲ ಜನರು ನೀರನ್ನು ಮೂಲವಸ್ತುವೆಂದೇ ಬಗೆದಿದ್ದರು. ಜಲಜನಕವನ್ನು ಉರಿಸಿದರೆ ನೀರು ಹುಟ್ಟುವದೆಂದು ಕ್ಯಾವೆಂಡಿಶ್ ಎಂಬವನು 1781ರಲ್ಲಿ ಕಂಡನು. 1800ರಲ್ಲಿ ನಿಕೋಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ನೀರಿನಲ್ಲಿ ವಿದ್ಯುತ್ತನ್ನು ಹಾಯಿಸಿ ಅದನ್ನು ಜಲಜನಕ ಹಾಗೂ ಆಮ್ಲಜನಕಗಳೆಂದು ಬೇರ್ಪಡಿಸಿದರು. ಕೂಡಿಸಿಯೂ ನೋಡಿದುದಾಯಿತು, ಒಡೆದೂ ನೋಡಿದುದಾಯಿತು, ಸಂಶಯಕ್ಕೆ ಎಡೆಯುಳಿಯಲಿಲ್ಲ. ಒಂಬತ್ತು ತೊಲೆ ನೀರನ್ನು ಒಡೆದರೆ ಸುಮಾರು ಒಂದು ತೊಲೆ ಜಲಜನಕವೂ ಎಂಟು ತೊಲೆ ಆಮ್ಲಜನಕವೂ ಬರುವವು. ಶುದ್ಧವಾದ ನೀರು ಕೃಷ್ಣೆಯದಾಗಲಿ, ಕಾವೇರಿಯದಾಗಲಿ, ಹಿಮಾಲಯದ ಮಂಜು ಕರಗಿದ್ದಾಗಲಿ, ಈ ಪ್ರಮಾಣವು ಬದಲಾಗದು. ಈ ನಿಯಮವನ್ನು ಪ್ರೂಸ್ಟ್ ಎಂಬ ಪಂಡಿತನು ಹದಿನೆಂಟನೆಯ ಶತಮಾನದ ಕಡೆಯಲ್ಲಿ ಸ್ಥಾಪಿಸಿದನು.

ಇನ್ನೊಂದು ಸೋಜಿಗವನ್ನು ಗಮನಿಸಿರಿ. ಜಲಜನಕವು ತಾನೇ ಉರಿಯುವ ವಾಯು; ಆಮ್ಲಜನಕವು ಉರಿಯನ್ನು ಬೆಳೆಸುವ ವಾಯು. ಇವೆರಡೂ ಕೂಡಿ ಆದ ನೀರು ಉರಿಯನ್ನು ಆರಿಸುವದು! ಸೋಡಿಯಮ್ ಎಂಬ ಲೋಹದ ತುಣುಕು ನೀರಿಗೆ ಬಿದ್ದರೆ ಸಿಡಿದೇಳುವದು. ಕ್ಲೋರಿನ್ ಎಂಬುದು ಉಸಿರಾಡಿದವರ ಪ್ರಾಣವನ್ನೇ ತೆಗೆಯಬಲ್ಲ ವಿಷವಾಯುವು. ಇವೆರಡೂ ಕೂಡಿದರೆ ನಮ್ಮ ಊಟದ ಉಪ್ಪು. ಆದುದರಿಂದ ಸಂಯುಕ್ತದಲ್ಲಿ ಘಟಕಗಳ ಹಳೆಯ ಗುಣಗಳು ಉಳಿಯುವದಿಲ್ಲವೆಂದೂ ಹೊಸ ಗುಣಗಳೇ ಹುಟ್ಟುವವೆಂದೂ ತಿಳಿಯತಕ್ಕದ್ದು.

ಸುಣ್ಣದ ಭಟ್ಟಿಯನ್ನು ನೀವೆಲ್ಲರೂ ಕಂಡವರೇ ಅಥವಾ ಕೇಳಿದವರೇ. ಸುಣ್ಣದ ಕಲ್ಲು ಕ್ಯಾಲ್ಸಿಯಮ್, ಇಂಗಾಲ, ಆಮ್ಲಜನಕಗಳ ಸಂಯುಕ್ತವು. ನೂರು ಮಣ ಶುದ್ಧ ಕಲ್ಲನ್ನು ಪೂರ್ತಿಯಾಗಿ ಸುಟ್ಟರೆ 56 ಮಣ ಸುಟ್ಟ ಸುಣ್ಣ ಉಳಿಯುವದು. ಮಿಕ್ಕ 44 ಮಣ ಎಲ್ಲಿ ಹೋಯಿತು? ಇಂಗಾಲಾಮ್ಲ ವಾಯುವಾಗಿ ಗಾಳಿಗೆ ಸೇರಿತು. ಸುಟ್ಟ ಸುಣ್ಣಕ್ಕೆ ನೀರೆರೆದರೆ ಅದು ಬುಸುಗುಟ್ಟಿ ಕಾದು ಅರಳುವದು. ಅರಳಿದ ಸುಣ್ಣವನ್ನು ಮರಳಿನೊಡನೆ ಅರೆದು ಗಚ್ಚುಮಾಡಿ ಕಟ್ಟಿದರೆ, ಅದು ಗಾಳಿಯೊಳಗಿನ ಇಂಗಾಲಾಮ್ಲವನ್ನು ಮೆಲ್ಲಮೆಲ್ಲನೆ ಹೀರಿ ಮರಳಿ ಕಲ್ಲಾಗುವದು. ಹಳೆಯ ಗಚ್ಚಿನ ಗೋಡೆಗಳು ಕಾಲ ಕಳೆದಂತೆ ಗಟ್ಟಿಯಾಗುವದರ ಮರ್ಮವಿದು. ಕಲ್ಲು ಸುಣ್ಣವಾಗಿ, ಸುಣ್ಣ ಕಲ್ಲಾಗಿ, ಎಷ್ಟು ರೂಪ ತಳೆದರೂ ಅದರೊಳಗಿನ ಮೂಲವಸ್ತುವಿನ ಒಂದು ಕಣವೂ ನಾಶವಾಗದು. ಕಳೆದುಹೋಯಿತೆಂದು ನಾವು ತಿಳಿದದ್ದು ಕಣ್ಣಿಗೆ ಮರೆಯಾಗಿರುವದಷ್ಟೆ.

ಇನ್ನು ಮಿಶ್ರಣವೆಂದರೇನು? ವಸ್ತುಗಳು ಒಂದರೊಡನೊಂದು ಬೆರೆತಿದ್ದರೂ ತಮ್ಮ ತಮ್ಮ ಗುಣವನ್ನು ಬಿಡದೆ ಇದ್ದರೆ ಅದು ಮಿಶ್ರಣವು. ಅದರಲ್ಲಿ ಪ್ರಮಾಣದ ಕಟ್ಟಿಲ್ಲ. ಗಾಳಿಯು ಮಿಶ್ರಣವು: ಒಣಗಾಳಿಯ ನೂರು ಪಾಲಿನಲ್ಲಿ ಸಾರಜನಕವು ಸುಮಾರು 78, ಆಮ್ಲಜನಕವು 21; ಉಳಿದೊಂದು ಪಾಲಿನಲ್ಲಿ ಆರ್ಗಾನ್ ಮುಂತಾದವು. ಹಿತ್ತಾಳೆಯು ತಾಮ್ರ ಮತ್ತು ಸತುವುಗಳ ಮಿಶ್ರಣ. ಕಂಚು ತಾಮ್ರ ಮತ್ತು ತವರಗಳದು. ಕಂಚುಗಾರನು ಗಂಟೆಗೊಂದು ಪಾಕ, ಬಟ್ಟಲಿಗೊಂದು ಪಾಕ ಹಾಕಬಲ್ಲನು. ನೀರಿನಲ್ಲಿ ಅಂಥ ಸ್ವಾತಂತ್ರ್ಯವಿಲ್ಲ.

ಈ ಭೇದವನ್ನು ಒಂದು ಪ್ರಯೋಗದಿಂದ ಕಾಣಬಹುದು. ಕಬ್ಬಿಣದ ಅರಪುಡಿ ಏಳು ಪಾಲು, ಗಂಧಕದ ಪುಡಿ ನಾಲ್ಕು ಪಾಲು ತೂಗಿ ಕಲಸಿರಿ. ಎಷ್ಟೇ ನುಣ್ಣಗೆ ಕಲಸಿದರೂ ಸೂಜಿಗಲ್ಲನ್ನು ಹಿಡಿದರೆ ಕಬ್ಬಿಣವೆಲ್ಲ ಅದಕ್ಕೆ ಅಂಟಿಕೊಂಡು ಬರುವದು, ಗಂಧಕವು ಕೆಳಗುಳಿಯುವದು. ಇದು ಮಿಶ್ರಣವು. ಅದನ್ನೇ ಶಾಲೆಯ ಪ್ರಯೋಗಶಾಲೆಯಲ್ಲಿ ಗುರುಗಳ ಎದುರಿಗೆ ಕಾಯಿಸಿದರೆ ಒಳಗೆಲ್ಲ ಕೆಂಪಗೆ ಕಾದು ಕಪ್ಪಾದ ಒಂದು ಗಟ್ಟಿಯಾಗುವದು. ಈಗ ಸೂಜಿಗಲ್ಲು ಅದರಿಂದ ಕಬ್ಬಿಣವನ್ನು ಆರಿಸಲಾರದು. ಕಬ್ಬಿಣವೂ ಗಂಧಕವೂ ತಮ್ಮತನವನ್ನು ಬಿಟ್ಟು ಹೊಸ ಸಂಯುಕ್ತವಾದವು. ಮಿಶ್ರಣವನ್ನು ಸೋಸಿ, ಆರಿಸಿ, ಆವಿಮಾಡಿ ಬೇರ್ಪಡಿಸಬಹುದು. ಸಂಯುಕ್ತವನ್ನು ಒಡೆಯಲು ರಾಸಾಯನಿಕ ಕ್ರಿಯೆಯೇ ಬೇಕು.

ಸಂಯುಕ್ತಗಳಲ್ಲಿ ಪ್ರಮಾಣವು ಹೀಗೆ ಕಟ್ಟುನಿಟ್ಟಾಗಿರಲು ಕಾರಣವೇನು? ಇದಕ್ಕೆ ಉತ್ತರವೇ ಪರಮಾಣುವಾದವು. ನಮ್ಮ ದೇಶದಲ್ಲಿ ವೈಶೇಷಿಕ ದರ್ಶನಕಾರನಾದ ಕಣಾದನು ಪರಮಾಣುವನ್ನು ಕುರಿತು ಬಹು ಹಿಂದೆಯೇ ಚಿಂತಿಸಿದ್ದನು. ಗ್ರೀಕರಲ್ಲಿಯೂ ಅಂಥ ವಿಚಾರವಿದ್ದಿತು. ಆದರೆ ಆ ವಿಚಾರಕ್ಕೆ ತಕ್ಕಡಿಯ ಸಾಕ್ಷ್ಯವನ್ನು ಒದಗಿಸಿದವನು ಇಂಗ್ಲೆಂಡಿನ ಜಾನ್ ಡಾಲ್ಟನ್. ನೇಕಾರನ ಮನೆಯಲ್ಲಿ ಹುಟ್ಟಿ, ಪಾಠ ಹೇಳಿ ಜೀವಿಸಿದ ಈ ಸರಳ ಪುರುಷನು 1808ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಮೂಲವಸ್ತುಗಳು ಪರಮಾಣುಗಳೆಂಬ ಅತಿ ಸೂಕ್ಷ್ಮ ಕಣಗಳಿಂದಾದವು. ಒಂದೊಂದು ಮೂಲವಸ್ತುವಿನ ಪರಮಾಣುವಿಗೆ ಒಂದೊಂದು ತೂಕ. ಇವು ಒಂದಕ್ಕೊಂದು, ಒಂದಕ್ಕೆರಡು ಹೀಗೆ ಇಡಿಯಾದ ಸಂಖ್ಯೆಯಲ್ಲಿಯೇ ಕೂಡುವವು ಎಂದು ಆತನ ಸಿದ್ಧಾಂತವು. ಅರ್ಧ ಪರಮಾಣು ಕೂಡುವಂತಿಲ್ಲ; ಆದುದರಿಂದ ಪ್ರಮಾಣವು ಅತ್ತಿತ್ತ ಸರಿಯುವಂತಿಲ್ಲ. ಡಾಲ್ಟನನು ನೀರಿನ ಕಣದಲ್ಲಿ ಜಲಜನಕದ ಪರಮಾಣು ಒಂದೇ ಇರುವದೆಂದು ಎಣಿಸಿದ್ದನು. ಅವು ಎರಡೆಂದು ಮುಂದಿನವರು ತಿದ್ದಿದರು.

ಪರಮಾಣುವಿನ ಸೂಕ್ಷ್ಮತೆಯನ್ನು ಊಹಿಸುವದು ಕಷ್ಟ. ಜಲಜನಕದ ಪರಮಾಣುಗಳನ್ನು ಸಾಲಾಗಿಟ್ಟರೆ ಒಂದು ಮಿಲಿಮೀಟರಿನ ಉದ್ದಕ್ಕೆ ಸುಮಾರು ಒಂದು ಕೋಟಿ ಬೇಕು. ಒಂದು ಹನಿ ನೀರಿನಲ್ಲಿರುವ ಕಣಗಳ ಸಂಖ್ಯೆಯು ಒಂದರ ಮುಂದೆ 21 ಸೊನ್ನೆಗಳನ್ನಿಟ್ಟಷ್ಟಕ್ಕೂ ಮಿಗಿಲು. ಈ ಪರಮಾಣುವೂ ಕಡೆಯ ಕಣವಲ್ಲವೆಂದು ಮುಂದೆ ತಿಳಿಯಿತು. 1897ರಲ್ಲಿ ಥಾಮ್ಸನನು ಎಲೆಕ್ಟ್ರಾನನ್ನು ಕಂಡನು. 1911ರಲ್ಲಿ ರುದರ್‌ಫೋರ್ಡನು ಪರಮಾಣುವಿನ ನಡುವೆ ಬೀಜವೊಂದುಂಟೆಂದು ತೋರಿಸಿದನು. ಆ ಬೀಜದೊಳಗಿನ ಪ್ರೋಟಾನುಗಳ ಎಣಿಕೆಯೇ ಮೂಲವಸ್ತುವಿನ ಜಾತಕವು: ಜಲಜನಕಕ್ಕೆ 1, ಆಮ್ಲಜನಕಕ್ಕೆ 8, ಕಬ್ಬಿಣಕ್ಕೆ 26, ಚಿನ್ನಕ್ಕೆ 79. ಪುಟ, ಮೂಲಿಕೆ, ಮಂತ್ರಗಳಿಂದ ಈ ಎಣಿಕೆಯು ಬದಲಾಗದು. ಪರುಷವು ಕಬ್ಬಿಣವನ್ನು ಹೊನ್ನಾಗಿಸುವದೆಂಬುದು ಸತ್ಸಂಗದ ಮಹಿಮೆಗೆ ಸುಂದರವಾದ ದೃಷ್ಟಾಂತವು. ಆದರೆ ತಾಮ್ರವನ್ನು ಚಿನ್ನಮಾಡಿ ಕೊಡುವೆನೆಂದು ಮನೆಬಾಗಿಲಿಗೆ ಬಂದವನ ಕೈಗೆ ಒಡವೆಯನ್ನು ಕೊಟ್ಟವರು ಅದನ್ನು ಕಳೆದುಕೊಳ್ಳುವದೇ ನಿಶ್ಚಯವು.

ಈ ಜ್ಞಾನದಿಂದ ಪ್ರಾಣರಕ್ಷಣೆಯೂ ಆಗುವದೆಂಬುದಕ್ಕೆ ಎರಡು ಮಾತು ಹೇಳಿ ಮುಗಿಸುವೆನು.

ಮೊದಲನೆಯದು ಕೆಂಡದ ಮಾತು. ಇಂಗಾಲದ ಒಂದು ಪರಮಾಣು ಆಮ್ಲಜನಕದ ಎರಡರೊಡನೆ ಕೂಡಿದರೆ ಇಂಗಾಲಾಮ್ಲ ವಾಯು. ಒಂದರೊಡನೆ ಮಾತ್ರ ಕೂಡಿದರೆ ಕಾರ್ಬನ್ ಮೊನಾಕ್ಸೈಡ್. ಮೊದಲನೆಯದನ್ನು ನಾವು ಉಸಿರಿನೊಡನೆ ಸದಾ ಹೊರಗೆ ಬಿಡುತ್ತಿರುವೆವು. ಎರಡನೆಯದು ಘೋರವಾದ ವಿಷ. ಮೂಲವಸ್ತುಗಳು ಅವೇ, ಒಂದು ಪರಮಾಣು ಕಡಿಮೆಯಾದುದರಿಂದ ಇಷ್ಟು ಭೇದ! ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಬಿಗಿಹಿಡಿಯುವದು. ಚಳಿಗಾಲದಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ, ಅಗ್ಗಿಷ್ಟಿಕೆಯಲ್ಲಿ ಕೆಂಡವನ್ನಿಟ್ಟು ಮಲಗಿದರೆ, ಗಾಳಿ ಸಾಲದೆ ಇದೇ ವಾಯುವು ಹುಟ್ಟುವದು. ಮಲಗಿದವರು ಮೇಲೇಳದೆ ಹೋಗಬಹುದು. ಬಾಣಂತಿಯ ಕೋಣೆಯಲ್ಲಿ ಕೆಂಡವಿಡುವ ತಾಯಂದಿರು ಇದನ್ನು ಮರೆಯಲಾಗದು. ಮಲಗುವ ಮೊದಲು ಕೆಂಡವನ್ನು ಹೊರಗಿಡಿರಿ; ಗಾಳಿಗೆ ದಾರಿ ಬಿಡಿರಿ.

ಎರಡನೆಯದು ನಮ್ಮ ಅಜ್ಜಿಯವರ ನೀರಿನ ಮಾತು. ಶುದ್ಧ ನೀರು ಸಂಯುಕ್ತವು, ದಿಟ. ಆದರೆ ಬಾವಿಯ ನೀರು ಮಿಶ್ರಣವು. ಅದು ನೆಲದಾಳದ ಬಂಡೆಗಳ ನಡುವೆ ಹರಿದು ಬರುವಾಗ ಅಲ್ಲಿಯ ಖನಿಜಗಳನ್ನು ಕರಗಿಸಿಕೊಳ್ಳುವದು. ಪಾವಗಡ, ಮುಂಡರಗಿ, ಕೊಪ್ಪಳದ ಕಡೆಯ ಅನೇಕ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೀಗೆಯೇ ಕರಗಿರುವದು. ಒಂದು ಲೀಟರಿಗೆ 1 ಮಿಲಿಗ್ರಾಮಿನ ಒಳಗಿರಬೇಕು. ಬೇರೆ ನೀರೇ ಇಲ್ಲದೆಡೆ 1.5ನ್ನು ಮೀರಬಾರದು ಎಂಬುದು ನಮ್ಮ ದೇಶದ ಮಾನದಂಡವು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಎಳೆಯರ ಹಲ್ಲು ಕೆಡುವದು; ದೊಡ್ಡವರ ಎಲುಬು ಕೀಲುಗಳು ಬಿಗಿಯುವವು. ಅರಿವೆಯು ಕಸವನ್ನು ತಡೆಯುವದೇ ಹೊರತು ಕರಗಿದ್ದನ್ನು ತಡೆಯದು. ಕುದಿಸಿದರೆ ರೋಗದ ಕ್ರಿಮಿಗಳು ಸಾಯುವವು. ಆದರೆ ಫ್ಲೋರೈಡ್ ಹೋಗದು. ಆವಿಯಾಗಿ ಹೋಗುವದು ನೀರು ಮಾತ್ರ. ಉಳಿದ ನೀರಿನಲ್ಲಿ ಅದರ ಪಾಲು ಹೆಚ್ಚೇ ಆಗುವದು. ತಾಮ್ರದ ಕೊಡವೂ ಅದನ್ನು ಹೀರದು. ಅಜ್ಜಿಯವರ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ. ಮಿಶ್ರಣದಲ್ಲಿ ಏನು ಬೆರೆತಿರುವದೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಆದುದರಿಂದ ನನ್ನ ಬಿನ್ನಹವಿಷ್ಟು. ಪ್ರತಿಯೊಂದು ಊರಿನವರೂ ತಮ್ಮ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು. ಫ್ಲೋರೈಡ್ ಹೆಚ್ಚಿದ್ದರೆ ಅದನ್ನು ತೆಗೆಯುವ ಶುದ್ಧೀಕರಣದ ನೀರನ್ನಾಗಲಿ, ಮಾಳಿಗೆಯಿಂದ ಶುಚಿಯಾಗಿ ಸಂಗ್ರಹಿಸಿದ ಮಳೆನೀರನ್ನಾಗಲಿ ಕುಡಿಯಲು ಬಳಸಬೇಕು. ಕ್ರಿಮಿಗಳ ಭಯಕ್ಕಾಗಿ ಕುದಿಸುವದನ್ನು ಬಿಡಬಾರದು. ಕುದಿಸಿದ್ದೇ ಸಾಕೆಂದು ನಂಬಲೂಬಾರದು. ತಿಳಿಯಾಗಿ ಕಂಡದ್ದೆಲ್ಲ ಶುದ್ಧವಲ್ಲ. ಕಣ್ಣಿಗೆ ಕಾಣದ್ದೆಲ್ಲ ಇಲ್ಲವೆಂದಲ್ಲ. ಶ್ರದ್ಧೆಯೊಡನೆ ಪರೀಕ್ಷೆಯೂ ಕೂಡಿದರೆ ಅದು ಬರಿಯ ಮಿಶ್ರಣವಾಗದೆ ಒಳ್ಳೆಯ ಸಂಯುಕ್ತವಾಗುವದು.