ಆರೋಪಿಯ ಕಡೆಯ ಸಂಗತಿ ಯಾರು ಹುಡುಕಬೇಕು?

(ಕಮಲಾಪುರದಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ತಿಂಗಳ ಕೂಟದಲ್ಲಿ ಆಡಿದ ಮಾತಿನ ಬರಹ)



ಹೋದ ಸಲ ಇಲ್ಲಿಗೆ ಬಂದಾಗ ನಿಮ್ಮಲ್ಲೇ ಒಬ್ಬ ಅಕ್ಕ ಎದ್ದು ನಿಂತು ನೇರವಾಗಿ ಕೇಳಿದರು, "ಸಿಸ್ಟರ್, ನೀವು ಈಗ ಸಂಘದ ಕೆಲಸ ಬಿಟ್ಟು ಕಳ್ಳರ ಕಡೀಗಿ ಹೋಗ್ಲಕತ್ತೀರಂತಲ್ರಿ, ಖರೇ ಏನ್ರಿ?" ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಹುಮನಾಬಾದ ರಸ್ತೆಯ ಬಸ್ಸಿನಲ್ಲಿ ಕಲಬುರಗಿಗೆ ವಾಪಸು ಹೋಗುವಾಗ ಆ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ. ಅದಕ್ಕೆ ಇವತ್ತು ಉಳಿತಾಯ, ಸಾಲ, ಬಡ್ಡಿ ಎಲ್ಲ ಬದಿಗಿಟ್ಟು ಆ ಅಕ್ಕನಿಗೆ ಉತ್ತರ ಹೇಳೋಣ ಅಂತ ಬಂದಿದ್ದೇವೆ.

ಒಬ್ಬರ ಮೇಲೆ ಕೇಸು ಆಯಿತು ಅನ್ನಿ. ಪೊಲೀಸರು ತನಿಖೆ ಮಾಡುತ್ತಾರೆ, ಸಾಕ್ಷಿ ಕೂಡಿಸುತ್ತಾರೆ, ಆರೋಪ ಪಟ್ಟಿ ಹಾಕುತ್ತಾರೆ. ಸರಕಾರದ ವಕೀಲರು ಕೋರ್ಟಿನಲ್ಲಿ ವಾದ ಮಾಡುತ್ತಾರೆ. ಆರೋಪಿಯ ಕಡೆಯ ಸಂಗತಿಯನ್ನು ಹುಡುಕುವವರು ಯಾರು? ದುಡ್ಡಿದ್ದವರು ದೊಡ್ಡ ವಕೀಲರನ್ನು ಹಿಡಿಯುತ್ತಾರೆ, ಅವರ ಕೈಕೆಳಗಿನವರು ಓಡಾಡಿ ಕಾಗದ ತರುತ್ತಾರೆ. ದುಡ್ಡಿಲ್ಲದವರು ಜೈಲಿನೊಳಗೆ ಕೂತು "ನಾ ಮಾಡಿಲ್ರಿ" ಅನ್ನುತ್ತಾರೆ. ಆ ಮಾತು ಗೋಡೆಯಿಂದ ಹೊರಗೆ ಬರುವುದಿಲ್ಲ.

ಬಡವರಿಗೆ ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು ಎಂಬುದು ದಯೆಯ ಮಾತಲ್ಲ, ಹಕ್ಕು. ಸಂವಿಧಾನದ 39ಎ ವಿಧಿ 1976ರಲ್ಲಿ ಸೇರಿತು. 1979ರಲ್ಲಿ ಬಿಹಾರದ ಜೈಲುಗಳ ಹುಸೇನಾರಾ ಖಾತೂನ್ ಪ್ರಕರಣದಲ್ಲಿ, ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಒಳಗಿದ್ದವರ ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಕಪಿಲಾ ಹಿಂಗೋರಾಣಿ ಎಂಬ ಹೆಣ್ಣುಮಗಳು ವಕೀಲೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಯಾರಿಗೆ ಉಚಿತ ವಕೀಲರು ಸಿಗಬೇಕು ಎಂದು ಬರೆದಿದೆ. ಅದರಲ್ಲಿ ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿ ಇರುವವರು ಎಲ್ಲರೂ ಇದ್ದಾರೆ. ಹೆಣ್ಣುಮಗಳಾದರೆ ಆದಾಯ ಎಷ್ಟು ಎಂದು ಕೇಳುವ ಹಾಗೇ ಇಲ್ಲ. ಇದನ್ನು ಮನೆಗೆ ಹೋಗಿ ಹೇಳಿರಿ, ಯಾಕಂದರೆ ತಹಸೀಲ್ ಕಚೇರಿಯಿಂದ ಆದಾಯ ಪ್ರಮಾಣಪತ್ರ ತರಲಿಕ್ಕೆ ಅಲೆದು ದಿನ ಕಳೆದವರನ್ನು ನಾವು ಕಂಡಿದ್ದೇವೆ.

2022ರಿಂದ ರಾಷ್ಟ್ರೀಯ ಪ್ರಾಧಿಕಾರವು ಇನ್ನೊಂದು ಯೋಜನೆ ತಂದಿತು. ಕ್ರಿಮಿನಲ್ ಕೇಸುಗಳಿಗೆ ಮಾತ್ರ, ಪೂರ್ತಿ ವೇಳೆ, ಸಂಬಳದ ಮೇಲೆ ಕೆಲಸ ಮಾಡುವ ಕಾನೂನು ನೆರವು ರಕ್ಷಣಾ ವಕೀಲರ ಕಚೇರಿ. ಮೊದಲು ತಮ್ಮ ಸ್ವಂತ ಕೇಸುಗಳ ನಡುವೆ ಒಂದೊಂದು ಬಡವರ ಕೇಸು ನೋಡುತ್ತಿದ್ದರು. ಈ ಕಚೇರಿಯವರಿಗೆ ಬಡವರ ಕೇಸೇ ಕೆಲಸ. ಒಳ್ಳೆಯದೇ ಆಯಿತು. ಆದರೆ ಇಲ್ಲಿಯೂ ವಕೀಲರಿಗೆ ಹುದ್ದೆ ಇದೆ, ಗುಮಾಸ್ತರಿಗೆ ಹುದ್ದೆ ಇದೆ, ಊರೂರು ತಿರುಗಿ ಸಂಗತಿ ಹುಡುಕುವವರಿಗೆ ಹುದ್ದೆ ಇಲ್ಲ. ಆ ಜಾಗದಲ್ಲಿ ನಮ್ಮಂಥವರು ನಿಂತುಕೊಂಡಿದ್ದೇವೆ. ನಾವು, ಇಬ್ಬರು ಅರೆಕಾನೂನು ಸ್ವಯಂಸೇವಕಿಯರು, ಕಾನೂನು ಕಾಲೇಜಿನ ಒಬ್ಬ ಹುಡುಗಿ. ಇಷ್ಟೇ ನಮ್ಮ ತಂಡ. ತಂಡದ ಮುಂದಾಳು ಅಂತ ಹೆಸರಿಗೆ ನಾವು. ಖರೇ ಹೇಳಬೇಕಂದರೆ ನಮಗೆ ದಾರಿ ತೋರಿಸಿದ್ದು ನಿಮ್ಮ ತಾಲೂಕಿನ ಸ್ವಯಂಸೇವಕಿ ತಂಗಿ. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವ ಓಣಿಯ ನಳಕ್ಕೆ ಯಾವಾಗ ನೀರು ಬರುತ್ತದೆ, ಆಕೆಗೆ ಎಲ್ಲ ಗೊತ್ತು.

ಅಮೆರಿಕದಲ್ಲಿ ಇಂಥ ಕಚೇರಿಗಳಲ್ಲಿ ತನಿಖೆಗೇ ಬೇರೆ ಜನ ಇರುತ್ತಾರೆ. ಅಲ್ಲಿ ಅದು ಬೆಳೆದು ಬಂದದ್ದು ಗಿಡಿಯನ್ ಎಂಬ ಬಡವನ ಕೇಸಿನಿಂದ. 1961ರಲ್ಲಿ ಫ್ಲಾರಿಡಾದ ಒಂದು ಆಟದ ಅಂಗಡಿಗೆ ನುಗ್ಗಿ ಚಿಲ್ಲರೆ ಕದ್ದ ಅಂತ ಹಿಡಿದರು. ವಕೀಲರನ್ನು ಕೊಡಿ ಎಂದ, ಕೊಡಲಿಲ್ಲ. 5 ವರ್ಷ ಶಿಕ್ಷೆ ಆಯಿತು. ಜೈಲಿನಿಂದ ಪೆನ್ಸಿಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರಲ್ಲಿ ಕೋರ್ಟು, ದುಡ್ಡಿಲ್ಲದವನಿಗೆ ವಕೀಲರನ್ನು ಕೊಡಲೇಬೇಕು ಎಂದಿತು. ಇದು ಬಹಳ ಮಂದಿಗೆ ಗೊತ್ತಿರುವ ಭಾಗ. ನಮಗೆ ಹಿಡಿಸಿದ್ದು ಆಮೇಲಿನದು. ಮತ್ತೆ ವಿಚಾರಣೆ ಆದಾಗ ಟರ್ನರ್ ಎಂಬ ವಕೀಲ ಸುಮ್ಮನೆ ಕೂಡಲಿಲ್ಲ, ತಾನೇ ಊರು ತಿರುಗಿ ವಿಚಾರಿಸಿದ. ಒಬ್ಬ ಟ್ಯಾಕ್ಸಿಯವ ಸಾಕ್ಷಿ ಹೇಳಿದ್ದ, "ನನ್ನನ್ನು ಕರೆದುಕೊಂಡು ಹೋದದ್ದು ಯಾರಿಗೂ ಹೇಳಬೇಡ ಅಂದಿದ್ದ" ಅಂತ. ಕೇಳಿದವರಿಗೆ ಕಳ್ಳನ ಮಾತಿನ ಹಾಗೇ ಕಾಣುತ್ತದೆ. ಟರ್ನರ್ ಕೇಳಿದ್ದು ಒಂದೇ: ಹಿಂದೆ ಯಾವಾಗಾದರೂ ಹೀಗೆ ಹೇಳಿದ್ದನೇ? ಹೌದು, ಹೆಂಡತಿಯ ಜೊತೆ ಜಗಳ ಇತ್ತು, ಹಿಂದೆಯೂ ಹೇಳಿದ್ದ ಅಂದ ಟ್ಯಾಕ್ಸಿಯವ. ಗಿಡಿಯನ್ ಬಿಡುಗಡೆ ಆದ.

ದೂರದ ಮಾತು ಯಾಕೆ, ನಮ್ಮ ಕರ್ನಾಟಕದ್ದೇ ಕೇಳಿರಿ. ಕುಶಾಲನಗರದ ಕಡೆಯ ಒಬ್ಬ ಆದಿವಾಸಿ ಕೂಲಿಕಾರ. ಹೆಂಡತಿ ಕಾಣೆಯಾಗಿದ್ದಾಳೆ ಎಂದು ತಾನೇ ಹೋಗಿ ದೂರು ಕೊಟ್ಟವನು. ಆಮೇಲೆ ಮೈಸೂರು ಜಿಲ್ಲೆಯ ಬೆಟ್ಟದಪುರದ ಕಡೆ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಆಕೆಯದೇ ಎಂದು ಗಂಡನ ಮೇಲೆ ಕೊಲೆ ಕೇಸು ಆಯಿತು. ಡಿಎನ್‌ಎ ಪರೀಕ್ಷೆ ಹೊಂದಲಿಲ್ಲ. ಆದರೂ ಒಂದೂವರೆ ವರ್ಷದಷ್ಟು ಜೈಲಿನಲ್ಲಿ ಇದ್ದ. 2025ರ ಏಪ್ರಿಲ್ ಮೊದಲಲ್ಲಿ ಅವನ ಗೆಳೆಯರು ಮಡಿಕೇರಿಯ ಒಂದು ಹೋಟೆಲಿನಲ್ಲಿ ಆ "ಸತ್ತ" ಹೆಂಡತಿಯನ್ನು ಕಣ್ಣಾರೆ ಕಂಡರು. ಆಕೆಯನ್ನು ಕೋರ್ಟಿಗೆ ಹಾಜರು ಮಾಡಿದರು. ಅದೇ ತಿಂಗಳು ಮೈಸೂರಿನ ಕೋರ್ಟು ಅವನನ್ನು ನಿರ್ದೋಷಿ ಎಂದು ಬಿಟ್ಟು 1 ಲಕ್ಷ ರೂಪಾಯಿ ಪರಿಹಾರ ಕೊಡಿರಿ ಎಂದಿತು. ನೋಡಿದ್ದು ಯಾರು? ಹೋಟೆಲಿಗೆ ಹೋಗಿದ್ದ ಗೆಳೆಯರು. ನಿಮ್ಮಂಥ, ನಮ್ಮಂಥ ಮಂದಿ.

ಈಗ ನಮ್ಮ ಕಡೆಯ ಒಂದು ಮಾತು. ಊರು ಹೇಳುವುದಿಲ್ಲ, ಹೆಸರೂ ಹೇಳುವುದಿಲ್ಲ. ಗೊತ್ತಿದ್ದವರು ಸುಮ್ಮನಿರಬೇಕು.

ಕಮಲಾಪುರದ ಆಚೆಯ ಹಳ್ಳಿಯಿಂದ ಕಲಬುರಗಿಗೆ ದಿನಾ ಮನೆಗೆಲಸಕ್ಕೆ ಹೋಗುವ ವಿಧವೆ. ನಲವತ್ತು ದಾಟಿದಾಕೆ. ಒಂದು ಮನೆಯಲ್ಲಿ ಬಂಗಾರದ ಸರ ಕಾಣೆಯಾಯಿತು. ಗುರುವಾರ ಸಂಜೆ 5 ಗಂಟೆಗೆ ಕಪಾಟಿನಲ್ಲಿ ಇಟ್ಟಿದ್ದೆವು, 6ರ ತನಕ ಈಕೆ ಭಾಂಡೆ ತಿಕ್ಕುತ್ತಿದ್ದಳು, ಆಮೇಲೆ ನೋಡಿದರೆ ಇಲ್ಲ ಎಂದು ಮನೆಯವರ ದೂರು. 7 ವರ್ಷದ ತನಕ ಶಿಕ್ಷೆ ಇರುವ ಕೇಸುಗಳಲ್ಲಿ ಹಿಡಿದೇ ಹಾಕಬೇಕು ಅಂತಿಲ್ಲ, ಮೊದಲು ನೋಟೀಸು ಕೊಡಬಹುದು, ಹಿಡಿದರೆ ಕಾರಣ ಬರೆಯಬೇಕು ಎಂದು 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೂ ಆಕೆ ಒಳಗೆ ಹೋದಳು.

ನಾವು ಜೈಲಿನಲ್ಲಿ ಕಂಡಾಗ ಆಕೆ ಅತ್ತದ್ದೇ ಹೆಚ್ಚು. ಅಂಥ ಹೊತ್ತಿನಲ್ಲಿ "ಕದ್ದೀಯೇನು?" ಅಂತ ಕೇಳಬಾರದು ಎಂದು ನಮ್ಮ ವಕೀಲರು ಮೊದಲೇ ಹೇಳಿದ್ದರು. ಆ ದಿನ ಬೆಳಗಿನಿಂದ ರಾತ್ರಿ ತನಕ ಏನೇನು ಮಾಡಿದಿ, ಏನು ಉಂಡಿ, ಯಾರು ಸಿಕ್ಕಿದ್ದರು, ಅಷ್ಟು ಕೇಳಬೇಕು. ಕೇಳುತ್ತಾ ಹೋದಾಗ ಒಂದು ಮಾತು ಬಂತು. "ಅವತ್ತು ನಾ ಮೂರಕ್ಕೇ ಬಿಟ್ಟಿನ್ರಿ ಸಿಸ್ಟರ್. ಐದಕ್ಕ ಸಂಘದ ಮೀಟಿಂಗ್ ಇತ್ತಲ್ರಿ."

ನಮಗೆ ಎಷ್ಟು ಸಂತೋಷ ಆಯಿತು ಅಂತೀರಿ! ಸಂಘ ಅಂದ ಮೇಲೆ ನಡಾವಳಿ ಪುಸ್ತಕ ಇರುತ್ತದೆ, ತಾರೀಕು ಇರುತ್ತದೆ, ಸಹಿ ಇರುತ್ತದೆ. ಇಷ್ಟು ವರ್ಷ ಪುಸ್ತಕ ಸರಿಯಾಗಿ ಬರೀರಿ, ಬರೀರಿ ಅಂತ ನಿಮ್ಮ ಬೆನ್ನು ಹತ್ತಿದ್ದು ಇವತ್ತಿಗೆ ಸಾರ್ಥಕ ಆಯಿತು ಅಂದುಕೊಂಡು ಮರುದಿನವೇ ಹಳ್ಳಿಗೆ ಹೋದೆವು.

ಪುಸ್ತಕ ಇತ್ತು. ಆ ಗುರುವಾರದ ಸಭೆ ಇತ್ತು. ಆಕೆಯ ಸಹಿಯೂ ಇತ್ತು. ಆದರೆ ನಮ್ಮ ಕಾಲೇಜು ಹುಡುಗಿ ಪುಟ ತಿರುವಿ ತಿರುವಿ ನೋಡಿ ಸುಮ್ಮನಾದಳು. ನಾಲ್ಕು ವಾರದ ಸಭೆಯೂ ಒಂದೇ ಪೆನ್ನು, ಒಂದೇ ಕೈ. ಅದಕ್ಕಿಂತ ಹೆಚ್ಚಿಗೆ, ಮಗಳ ಬಾಣಂತನಕ್ಕೆ ಹೈದರಾಬಾದಿಗೆ ಹೋಗಿ ಆ ತಿಂಗಳು ಪೂರಾ ಊರಲ್ಲೇ ಇರದಿದ್ದ ಸದಸ್ಯೆಯ ಸಹಿಯೂ ಅಲ್ಲಿ ಇತ್ತು. ಪುಸ್ತಕ ಬರೆಯುವ ತಂಗಿ ಮುಖ ತಗ್ಗಿಸಿ, "ತಿಂಗಳ ಕೊನಿಗಿ ಒಮ್ಮೆ ಎಲ್ಲಾ ಬರದಿನ್ರಿ. ಬ್ಯಾಂಕಿನವರು ಕೇಳ್ತಾರಂತ" ಅಂದಳು.

ವಕೀಲರ ಮುಂದೆ ಎಲ್ಲ ಇಟ್ಟೆವು. ಇಂಥ ಪುಸ್ತಕ ಕೊಟ್ಟರೆ ಸರಕಾರದ ವಕೀಲರು ಒಂದೇ ಪ್ರಶ್ನೆ ಕೇಳುತ್ತಾರೆ, ಹೈದರಾಬಾದಿನಲ್ಲಿ ಇದ್ದವರು ಇಲ್ಲಿ ಹೇಗೆ ಸಹಿ ಮಾಡಿದರು ಅಂತ; ಅಲ್ಲಿಗೆ ಪುಸ್ತಕದ ಜೊತೆ ಈಕೆಯ ಮಾತೂ ಬಿದ್ದುಹೋಗುತ್ತದೆ ಎಂದರು. ಹಳ್ಳಿಯಲ್ಲಿ ಒಬ್ಬಿಬ್ಬರು, "ಸಿಸ್ಟರ್, ಆ ಒಂದು ಸಹಿ ತೆಗದು ಹೊಸಾ ಪುಸ್ತಕ ಬರದು ಕೊಡ್ತೀವ್ರಿ" ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದರು. ನಾವು ಗಟ್ಟಿಯಾಗಿ ಬೇಡ ಅಂದೆವು. ಸುಳ್ಳು ಸಾಕ್ಷಿ ಹುಟ್ಟಿಸುವುದು ಅಪರಾಧ, ಅದು ಮೊದಲನೆಯದು. ಎರಡನೆಯದು, ಸಿಕ್ಕಿಬಿದ್ದರೆ ಜೈಲಿನಲ್ಲಿ ಇದ್ದಾಕೆಗೇ ಹೆಚ್ಚು ಕೆಡುಕು. ಸಾಕ್ಷಿದಾರರಿಗೆ "ಹೀಗೆ ಹೇಳ್ರಿ" ಅಂತ ನಾವು ಕಲಿಸುವಂತಿಲ್ಲ. ಕೇಳಬೇಕು, ಅವರು ಹೇಳಿದ್ದನ್ನು ಬರೆಯಬೇಕು, ನಮಗೆ ಉಲ್ಟಾ ಆಗುವುದಿದ್ದರೂ ಬರೆಯಬೇಕು. ಇಬ್ಬಿಬ್ಬರಾಗಿ ಹೋಗಬೇಕು. ದೂರು ಕೊಟ್ಟವರ ಮನೆಗೆ ಹೋಗಿ ಕೈಕಾಲು ಹಿಡಿಯುವುದು, ಹೆದರಿಸುವುದು ಮಾಡಲೇಬಾರದು. ಆ ಮನೆಯಲ್ಲಿಯೂ ಬಂಗಾರ ಕಳೆದದ್ದು ಖರೇನೇ ಅಲ್ಲವೇ?

ಮತ್ತೆ ಹುಡುಕಲಿಕ್ಕೆ ಹತ್ತಿದೆವು. ಬಸ್ಸಿನ ಶೂನ್ಯ ಟಿಕೆಟ್ಟು ನೆನಪಾಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನೀವೆಲ್ಲ ತಗೊಳ್ಳುವ ಟಿಕೆಟ್ಟೇ. ದುಡ್ಡು ಇಲ್ಲ ಅಂತ ಅದನ್ನು ಬಿಸಾಡುತ್ತೀರಿ. ಅದರಲ್ಲಿ ಎಲ್ಲಿಂದ ಎಲ್ಲಿಗೆ, ಯಾವ ದಿನ, ಎಷ್ಟು ಗಂಟೆಗೆ ಎಲ್ಲ ಅಚ್ಚಾಗಿರುತ್ತದೆ. ಹೆಸರು ಇರುವುದಿಲ್ಲ, ಆದರೂ ಉಪಯೋಗ. ಈಕೆಯ ಚೀಲದಲ್ಲಿ ಒಂದು ಟಿಕೆಟ್ಟು ಸಿಕ್ಕಿತು, ಆದರೆ ಅಕ್ಷರ ಮಾಸಿ ಬಿಳಿ ಕಾಗದ ಆಗಿತ್ತು. ಆ ಕಾಗದವೇ ಹಾಗೆ, ಬಿಸಿಲು ಬೆವರಿಗೆ ಅಳಿಸಿಹೋಗುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಯಲ್ಲಿ ಕ್ಯಾಮೆರಾ ಇತ್ತು. ನಾವು ಹೋಗುವಷ್ಟರಲ್ಲಿ ಹಳೆಯ ಚಿತ್ರದ ಮೇಲೆ ಹೊಸದು ಕೂತುಬಿಟ್ಟಿತ್ತು. ಒಂದು ವಾರ ಮೊದಲು ಗೊತ್ತಾಗಿದ್ದರೆ, ಎಂದು ಈಗಲೂ ಅನಿಸುತ್ತದೆ.

ಕೊನೆಗೆ ಕೈಹಿಡಿದದ್ದು ಒಂದು ಹುಡುಗಿಯ ಮೊಬೈಲು. ಆ ಸಂಜೆ ಸಂಘದವರು ಗುಡಿಯ ಕಟ್ಟೆಯ ಮೇಲೆ ಕೂತಿದ್ದಾಗ ಆಕೆ ತನ್ನ ತಮ್ಮನ ಫೋಟೋ ತೆಗೆದಿದ್ದಳು. ಹಿಂದೆ ಮೂಲೆಯಲ್ಲಿ ಈಕೆ ಕೂತಿದ್ದಾಳೆ, ಅದೇ ಹಸಿರು ಸೀರೆ. ಫೋಟೋದ ವಿವರ ತೆಗೆದರೆ ದಿನ, ಹೊತ್ತು ಎಲ್ಲ ಇದೆ: 5 ಗಂಟೆ 20 ನಿಮಿಷ. ಆ ಹೊತ್ತಿಗೆ ಕಲಬುರಗಿಯಲ್ಲಿ ಭಾಂಡೆ ತಿಕ್ಕಲಿಕ್ಕೆ ಸಾಧ್ಯವಿಲ್ಲ. ಹುಡುಗಿ ಖುಷಿಯಿಂದ "ವಾಟ್ಸಾಪ್ ಮಾಡ್ತೀನ್ರಿ" ಅಂದಳು. ಬೇಡವ್ವಾ ಅಂದೆವು. ವಾಟ್ಸಾಪಿನಲ್ಲಿ ಕಳಿಸಿದರೆ ಆ ಒಳಗಿನ ವಿವರ ಉದುರಿಹೋಗುತ್ತದೆ. ಮೂಲ ಫೋಟೋ ಅದೇ ಮೊಬೈಲಿನಲ್ಲಿ ಇರಬೇಕು, ಅಳಿಸಬಾರದು, ಮೊಬೈಲು ಮಾರಬಾರದು. ಕೋರ್ಟಿಗೆ ಕೊಡುವಾಗ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಒಂದು ಪ್ರಮಾಣಪತ್ರ ಲಗತ್ತಿಸಬೇಕು. ಅದನ್ನು ವಕೀಲರು ನೋಡಿಕೊಂಡರು.

ಜಾಮೀನು ಆಯಿತು. ಅಷ್ಟರಲ್ಲಿ 23 ದಿನ ಆಗಿತ್ತು. ಕೇಸು ಇನ್ನೂ ನಡೆದಿದೆ, ಸರ ಇನ್ನೂ ಸಿಕ್ಕಿಲ್ಲ. ಆಕೆಗೆ ಆ ಓಣಿಯ ನಾಲ್ಕು ಮನೆಯ ಕೆಲಸವೂ ಹೋಯಿತು. ಈಗ ತೊಗರಿ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ.

ಇನ್ನೊಂದು ಮಾತು ಹೇಳಬೇಕು, ಹೇಳಲಿಕ್ಕೆ ಮನಸ್ಸಿಲ್ಲ. ಆಕೆ ಒಳಗಿದ್ದಾಗ ಅದೇ ಸಂಘದವರು ಕೂಡಿ ಆಕೆಯ ಹೆಸರು ಹೊಡೆದು ಹಾಕಿ, ಉಳಿತಾಯವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳೋಣ ಎಂದು ಮಾತಾಡಿದ್ದರು. ಕೋರ್ಟು ಇನ್ನೂ ಏನೂ ಹೇಳಿರಲಿಲ್ಲ. "ಪೊಲೀಸರು ಒಯ್ದಾರಂದ್ರ ಏನೋ ಇರಬೇಕಲ್ರಿ" ಅಂತ ಒಬ್ಬರು ಅಂದರು. ನಮಗೂ ಅಂಥ ಹೊತ್ತು ಬರುತ್ತದೆ, ಸುಳ್ಳು ಯಾಕೆ ಹೇಳಬೇಕು. ಹೆಂಡತಿಯನ್ನು ಹೊಡೆದ ಎಂಬ ಆರೋಪದವನ ಕೇಸಿಗೆ ಹೋಗುವಾಗ ನಮ್ಮ ಕಾಲು ಮುಂದೆ ಸಾಗುವುದಿಲ್ಲ. ಹೋಗುತ್ತೇವೆ, ಬರೆದುಕೊಂಡು ಬರುತ್ತೇವೆ, ರಾತ್ರಿ ನಿದ್ದೆ ಬರುವುದಿಲ್ಲ. ಒಮ್ಮೊಮ್ಮೆ ನಾವು ತಂದ ಸಂಗತಿಯಿಂದ ಆರೋಪ ಖರೇ ಅಂತಲೇ ಗೊತ್ತಾಗುತ್ತದೆ. ಅದನ್ನು ವಕೀಲರಿಗೆ ಹೇಳುತ್ತೇವೆ, ಇನ್ನಾರಿಗೂ ಹೇಳುವುದಿಲ್ಲ.

ನಿಮ್ಮಲ್ಲಿ ಯಾರ ಮನೆಗಾದರೂ ಇಂಥ ಕಷ್ಟ ಬಂದರೆ ಮೊದಲ ದಿನವೇ 15100ಕ್ಕೆ ಫೋನು ಮಾಡಿರಿ, ದುಡ್ಡು ಬೀಳುವುದಿಲ್ಲ. ಇಲ್ಲವೇ ಕಲಬುರಗಿ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಎಲ್ಲಿ ಅಂತ ಕೇಳಿರಿ. ಹಿಡಿದವರನ್ನು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ತರಬೇಕು, ಅವತ್ತೇ "ನಮಗ ವಕೀಲರು ಬೇಕ್ರಿ" ಅಂತ ಬಾಯಿಬಿಟ್ಟು ಹೇಳಬೇಕು. ಹೊತ್ತು ಮುಳುಗಿದ ಮೇಲೆ ಹೊತ್ತು ಹುಟ್ಟುವ ಮೊದಲು ಹೆಣ್ಣುಮಗಳನ್ನು ಹಿಡಿಯುವ ಹಾಗಿಲ್ಲ. ತೀರಾ ಅಗತ್ಯ ಬಿದ್ದರೆ ಮಹಿಳಾ ಪೊಲೀಸ್ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ತಂದಿರಬೇಕು. ಖಾಲಿ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಹಾಕಬೇಡಿರಿ. ಆ ದಿನದ ಚೀಟಿ, ಬಿಲ್ಲು, ಟಿಕೆಟ್ಟು ಏನಿದ್ದರೂ ಎತ್ತಿಡಿರಿ, ಮಾಸುವ ಮೊದಲು ಜೆರಾಕ್ಸ್ ಮಾಡಿಸಿರಿ.

ಆ ಹಳ್ಳಿಗೆ ಹೋದ ತಿಂಗಳು ಮತ್ತೆ ಹೋಗಿದ್ದೆವು. ಸಭೆ ಗುಡಿಯ ಕಟ್ಟೆಯ ಮೇಲೆ ಸೇರಿತ್ತು. ಆಕೆ ಬಂದು ಹಿಂದೆ ಕೂತಳು. ಯಾರೋ ಸರಿದು ಜಾಗ ಕೊಟ್ಟರು, ಯಾರೋ ಮುಖ ತಿರುವಿದರು. ಪುಸ್ತಕದ ತಂಗಿ ಹಾಜರಿ ಬರೆದು ಮುಗಿಸಿ ಸಹಿಗೆ ಒಬ್ಬೊಬ್ಬರ ಮುಂದೆ ಹಿಡಿದಳು. ಈಕೆಯ ಸರದಿ ಬಂದಾಗ ಪೆನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಪುಟ ನೋಡಿ ಅಂದಳು, "ತಂಗೀ, ತಾರೀಕು ಬರದೀಯಲ್ಲ, ಟೈಮ್ ಸುದಾ ಬರಿಯವ್ವಾ."